ಥರ್ಮೋಕಪಲ್ ಮಾಡ್ಯೂಲ್ ಕ್ಯಾಲಿಬ್ರೇಷನ್: ಸೀಸನ್ ಶುರುವಾಗುವ ಮೊದಲು ಮುಗಿಸಿಕೊಳ್ಳಿ

ಹಾಸನದ ಇಂಡಸ್ಟ್ರಿಯಲ್ ಏರಿಯಾ ಇರಲಿ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಇರಲಿ, ಮೆಂಟೆನೆನ್ಸ್ ಹುಡುಗರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಸಾರ್, ಪಿಎಲ್‌ಸಿ ಐದಾರು ಡಿಗ್ರಿ ತಪ್ಪು ತೋರಿಸ್ತಿದೆ. ಮಾಡ್ಯೂಲ್ ಕ್ಯಾಲಿಬ್ರೇಟ್ ಮಾಡೋದು ಹೇಗೆ?" ಪಿಎಲ್‌ಸಿ ಅಂದರೆ ಮೆಷಿನ್‌ಗಳನ್ನು ನಡೆಸುವ ಕಂಪ್ಯೂಟರ್. ಥರ್ಮೋಕಪಲ್ ಅನ್ನುವ ತಾಪದ ಸೆನ್ಸರನ್ನು ಅದಕ್ಕೆ ಓದಿಕೊಡುವ ಕಾರ್ಡೇ ಮಾಡ್ಯೂಲ್. ಆ ಓದು ಸರಿ ಇದೆಯೇ ಎಂದು ನಿಖರವಾದ ಉಪಕರಣದ ಜೊತೆ ಹೋಲಿಸಿ, ತಪ್ಪಿದ್ದರೆ ಹೊಂದಿಸುವುದು ಕ್ಯಾಲಿಬ್ರೇಷನ್. ಸೆಪ್ಟೆಂಬರ್ ಕಳೆಯುತ್ತಿದ್ದ ಹಾಗೆ ಈ ಪ್ರಶ್ನೆ ಜಾಸ್ತಿಯಾಗುತ್ತದೆ. ಮಲೆನಾಡಿನ ಮಳೆಗಾಲದ ತೇವ ಪ್ಯಾನೆಲ್ ಒಳಗೆ ಹೊಕ್ಕು ಟರ್ಮಿನಲ್‌ಗಳಿಗೆ ಕಿಲುಬು ಹಿಡಿಸಿರುತ್ತದೆ. ಕಾಫಿ ಕೊಯ್ಲು ಶುರುವಾಯಿತೆಂದರೆ ಡ್ರೈಯರ್ ನಿಲ್ಲಿಸಲು ಯಾರೂ ಒಪ್ಪುವುದಿಲ್ಲ. ಹಾಗಾಗಿ ಅಕ್ಟೋಬರ್ ಈ ಕೆಲಸಕ್ಕೆ ಒಳ್ಳೆಯ ತಿಂಗಳು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಾಡ್ಯೂಲ್ ಕೆಟ್ಟಿದೆ ಅನ್ನುವ ದೂರುಗಳಲ್ಲಿ ಬಹಳಷ್ಟು ಕಡೆ ಮಾಡ್ಯೂಲ್ ಸರಿಯಾಗಿಯೇ ಇರುತ್ತದೆ. ತಪ್ಪು ವೈರಿನಲ್ಲೋ, ಟರ್ಮಿನಲ್‌ನಲ್ಲೋ, ಇಲ್ಲವೇ ಪರೀಕ್ಷೆ ಮಾಡಿದ ರೀತಿಯಲ್ಲೋ ಇರುತ್ತದೆ. ಆ ತಪ್ಪನ್ನು ಹುಡುಕದೆ ಕ್ಯಾಲಿಬ್ರೇಷನ್ ಮುಟ್ಟಿದರೆ, ಸರಿ ಇದ್ದದ್ದನ್ನೂ ಕೆಡಿಸಿದ ಹಾಗೆ. ಆದ್ದರಿಂದ ಕೆಳಗಿನ ಹಂತಗಳಲ್ಲಿ ನಿಜವಾದ ಹೊಂದಾಣಿಕೆ ಏಳನೆಯದರಲ್ಲಿ ಬರುತ್ತದೆ. ಅದಕ್ಕೂ ಮುಂಚಿನದೆಲ್ಲ ನೋಡುವ, ಬರೆದುಕೊಳ್ಳುವ ಕೆಲಸ.

ಅರ್ಥವಾಗಬೇಕಾದ ಒಂದೇ ವಿಷಯ

ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿ ಜೋಡಿಸಿದರೆ ಥರ್ಮೋಕಪಲ್. ಜೋಡಿಸಿದ ತುದಿಗೂ ತಂತಿಯ ಇನ್ನೊಂದು ಕೊನೆಗೂ ಎಷ್ಟು ತಾಪದ ವ್ಯತ್ಯಾಸ ಇದೆಯೋ ಅದಕ್ಕೆ ತಕ್ಕ ಹಾಗೆ ಮಿಲಿವೋಲ್ಟ್, ಅಂದರೆ ವೋಲ್ಟಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ವಿದ್ಯುತ್ ಹುಟ್ಟುತ್ತದೆ. 1821ರಲ್ಲಿ ಸೀಬೆಕ್ ಗಮನಿಸಿದ ವಿದ್ಯಮಾನ ಇದು. ಇಲ್ಲಿ 'ವ್ಯತ್ಯಾಸ' ಅನ್ನುವುದೇ ಮುಖ್ಯ. ಥರ್ಮೋಕಪಲ್ ತನ್ನ ಬಿಸಿ ತುದಿಯ ತಾಪವನ್ನು ನೇರವಾಗಿ ಹೇಳುವುದಿಲ್ಲ.

ಆ ಇನ್ನೊಂದು ಕೊನೆ, ಅಂದರೆ ತಂತಿ ಮಾಡ್ಯೂಲಿನ ಸ್ಕ್ರೂಗೆ ಸೇರುವ ಜಾಗ, ಕೋಲ್ಡ್ ಜಂಕ್ಷನ್. ಅಲ್ಲಿ ಒಂದು ಸಣ್ಣ ಸೆನ್ಸರ್ ಇಟ್ಟಿರುತ್ತಾರೆ. ಅದು ಟರ್ಮಿನಲ್ ಎಷ್ಟು ಡಿಗ್ರಿಯಲ್ಲಿದೆ ಎಂದು ಅಳೆಯುತ್ತದೆ. ಮಾಡ್ಯೂಲ್ ಅದಕ್ಕೆ ಸಮನಾದ ಮಿಲಿವೋಲ್ಟನ್ನು ಕೂಡಿಸಿಕೊಂಡು, ಆಮೇಲೆ ಟೇಬಲ್ ಪ್ರಕಾರ ಡಿಗ್ರಿಗೆ ಬದಲಾಯಿಸುತ್ತದೆ. ಇದಕ್ಕೆ ಕೋಲ್ಡ್ ಜಂಕ್ಷನ್ ಕಾಂಪೆನ್ಸೇಷನ್ ಅನ್ನುತ್ತಾರೆ. ಮ್ಯಾನ್ಯುಯಲ್‌ಗಳಲ್ಲಿ ಸಿಜೆಸಿ ಎಂದು ಇರುತ್ತದೆ.

ಯಾವ ಲೋಹಗಳ ಜೋಡಿ ಅನ್ನುವುದರ ಮೇಲೆ ಥರ್ಮೋಕಪಲ್‌ಗಳಿಗೆ ಕೆ ಟೈಪ್, ಜೆ ಟೈಪ್ ಎಂದು ಹೆಸರು. ನಮ್ಮ ಕಡೆ ಡ್ರೈಯರ್, ಬಿಸಿಗಾಳಿ ಕುಲುಮೆ, ಬಾಯ್ಲರ್ ಚಿಮಣಿಗಳಲ್ಲಿ ಹೆಚ್ಚಾಗಿ ಕಾಣುವುದು ಕೆ ಟೈಪ್. ಅದನ್ನೇ ಉದಾಹರಣೆ ಮಾಡಿಕೊಳ್ಳೋಣ. ಡೈರಿಯ ಪಾಶ್ಚರೈಸರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಪಿಟಿ 100. ಅದು ಥರ್ಮೋಕಪಲ್ ಅಲ್ಲ, ತಾಪಕ್ಕೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಯಿಸುವ ಸೆನ್ಸರ್. ಅದರ ಕ್ಯಾಲಿಬ್ರೇಷನ್ ಬೇರೆ, ಈ ಲೇಖನ ಅದಕ್ಕೆ ಹೊಂದುವುದಿಲ್ಲ.

ಏನೇನು ಬೇಕು

ಮಿಲಿವೋಲ್ಟ್ ಕೊಡಬಲ್ಲ, ಥರ್ಮೋಕಪಲ್ ಸಿಮ್ಯುಲೇಟ್ ಮಾಡಬಲ್ಲ ಕ್ಯಾಲಿಬ್ರೇಟರ್ ಬೇಕೇ ಬೇಕು. ಅದಕ್ಕೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿನ ಸರ್ಟಿಫಿಕೇಟ್ ಇರಬೇಕು, ಅವಧಿ ಮುಗಿದಿರಬಾರದು. ಮಾಡ್ಯೂಲಿನ ನಿಖರತೆಗಿಂತ ಕ್ಯಾಲಿಬ್ರೇಟರ್ ನಾಲ್ಕು ಪಟ್ಟು ಚೆನ್ನಾಗಿರಬೇಕು ಅನ್ನುವುದು ಈ ಕೆಲಸದಲ್ಲಿ ರೂಢಿಯ ಲೆಕ್ಕ.

"ಮಲ್ಟಿಮೀಟರ್‌ನಲ್ಲಿ ಮಾಡಬಹುದಾ?" ಅಂತ ಕೇಳುತ್ತಾರೆ. ಆಗುವುದಿಲ್ಲ. ಕೆ ಟೈಪ್‌ನಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 0.04 ಮಿಲಿವೋಲ್ಟ್. ಕೊನೆಯ ಅಂಕಿ 0.1 ಮಿಲಿವೋಲ್ಟ್ ತೋರಿಸುವ ಮೀಟರ್‌ನಲ್ಲಿ ಆ ಒಂದು ಅಂಕಿ ಆಚೀಚೆ ಆದರೆ ಎರಡೂವರೆ ಡಿಗ್ರಿ ಹೋಯಿತು.

ಇದರ ಜೊತೆಗೆ ಎರಡು ಮೀಟರ್ ಕೆ ಟೈಪ್ ಎಕ್ಸ್‌ಟೆನ್ಶನ್ ವೈರ್ ಇಟ್ಟುಕೊಳ್ಳಿ. ಅದು ಥರ್ಮೋಕಪಲ್ ಗುಣವನ್ನೇ ಇಟ್ಟುಕೊಂಡು ಪ್ಯಾನೆಲ್‌ವರೆಗೆ ಬರುವ ಉದ್ದನೆಯ ತಂತಿ. ಒಂದು ಜೊತೆ ಸಾಮಾನ್ಯ ತಾಮ್ರದ ವೈರ್, ಟರ್ಮಿನಲ್ ತಾಪ ಅಳೆಯಲು ನಂಬಬಹುದಾದ ಸಣ್ಣ ಥರ್ಮಾಮೀಟರ್, ಒಂದು ಅಯಸ್ಕಾಂತ, ಮಾಡ್ಯೂಲಿನ ಮ್ಯಾನ್ಯುಯಲ್, ಕೆ ಟೈಪ್ ಟೇಬಲಿನ ಪ್ರಿಂಟ್, ಪೆನ್ನು, ಕಾಗದ. ಅಯಸ್ಕಾಂತ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಕುದಿಯುವ ನೀರಿನ ಬಗ್ಗೆ ಎಚ್ಚರಿಕೆ. ಕೆಟಲ್‌ನಲ್ಲಿ ನೀರು ಕುದಿಸಿ, ಥರ್ಮೋಕಪಲ್ ಅದ್ದಿ, "100 ಬರಬೇಕಿತ್ತು, 97 ಬಂತು" ಎಂದು ಮೂರು ಡಿಗ್ರಿ ಆಫ್‌ಸೆಟ್, ಅಂದರೆ ಎಲ್ಲ ರೀಡಿಂಗ್‌ಗೂ ಒಂದೇ ಅಳತೆಯ ತಿದ್ದುಪಡಿ, ಹಾಕಿಬಿಡುವವರು ಬಹಳ ಜನ. ಹಾಸನ ಇರುವುದು ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಎತ್ತರದಲ್ಲಿ, ಚಿಕ್ಕಮಗಳೂರು ಸುಮಾರು 1,090 ಮೀಟರ್. ಇಲ್ಲಿ ನೀರು ಕುದಿಯುವುದೇ 96ರಿಂದ 97 ಡಿಗ್ರಿ ನಡುವೆ. ನಿಮ್ಮ ಮಾಡ್ಯೂಲ್ ಸರಿಯಾಗಿಯೇ ಹೇಳುತ್ತಿತ್ತು. ಗಿರಿಯ ಕಡೆಗಿನ ಎಸ್ಟೇಟ್‌ಗಳಲ್ಲಿ ಇನ್ನೂ ಕಡಿಮೆ.

ಐಸ್ ನೀರಿಗೆ ಈ ಎತ್ತರದ ತೊಂದರೆ ಇಲ್ಲ. ಥರ್ಮಾಸ್ ಫ್ಲಾಸ್ಕಿನಲ್ಲಿ ಪುಡಿ ಮಾಡಿದ ಐಸ್ ತಳದವರೆಗೂ ತುಂಬಿ, ಸಂದುಗಳು ಮುಚ್ಚುವಷ್ಟು ಮಾತ್ರ ಡಿಸ್ಟಿಲ್ಡ್ ನೀರು ಹಾಕಿದರೆ 0 ಡಿಗ್ರಿ ಸಿಗುತ್ತದೆ. ಐಸ್ ಮೇಲೆ ತೇಲಿ ಕೆಳಗೆ ಬರೀ ನೀರು ನಿಂತಿದ್ದರೆ ತಳದಲ್ಲಿ ನಾಲ್ಕು ಡಿಗ್ರಿವರೆಗೂ ಇರಬಹುದು. ಮೀನಿನ ಅಂಗಡಿಯ ಐಸ್ ಬೇಡ, ಉಪ್ಪು ಸೇರಿದ್ದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ.

ಹಂತ 1: ಲೂಪನ್ನು ಸುರಕ್ಷಿತ ಮಾಡಿ

ಸೆನ್ಸರ್ ಓದಿ, ಅದಕ್ಕೆ ತಕ್ಕಂತೆ ಪಿಎಲ್‌ಸಿ ಫೀಡರ್, ಹೀಟರ್ ನಡೆಸುವ ಸರಣಿಯೇ ಲೂಪ್. ಮಾಡ್ಯೂಲ್‌ಗೆ ನೀವು ಕೊಡುವ ಸುಳ್ಳು ತಾಪವನ್ನು ಪಿಎಲ್‌ಸಿ ನಿಜ ಅಂದುಕೊಳ್ಳುತ್ತದೆ. 50 ಡಿಗ್ರಿಯ ಮಿಲಿವೋಲ್ಟ್ ಕೊಟ್ಟರೆ ಕುಲುಮೆ ತಣ್ಣಗಿದೆ ಅಂದುಕೊಂಡು ಹೊಟ್ಟು ತಳ್ಳುವ ಫೀಡರ್ ಪೂರ್ತಿ ಓಡಿಸುತ್ತದೆ. ಆದ್ದರಿಂದ ಶಟ್‌ಡೌನ್‌ನಲ್ಲಿ ಮಾತ್ರ ಮಾಡಿ. ಪರ್ಮಿಟ್ ತೆಗೆದುಕೊಳ್ಳಿ. ಲೂಪನ್ನು ಮ್ಯಾನ್ಯುಯಲ್‌ಗೆ ಹಾಕಿ, ಔಟ್‌ಪುಟ್ ಸೊನ್ನೆಗೆ ತನ್ನಿ. ಆಪರೇಟರ್‌ಗೆ ಬಾಯಲ್ಲೂ ಹೇಳಿ, ಡೆಸ್ಕಿನ ಮೇಲೆ ಚೀಟಿಯನ್ನೂ ಅಂಟಿಸಿ. ಶಿಫ್ಟ್ ಬದಲಾದಾಗ ಬಾಯಿಮಾತು ಉಳಿಯುವುದಿಲ್ಲ. ಯಾವ ಇಂಟರ್‌ಲಾಕ್ (ಅಪಾಯವಾದರೆ ತಾನೇ ನಿಲ್ಲಿಸುವ ವ್ಯವಸ್ಥೆ) ಬೈಪಾಸ್ ಮಾಡಿದ್ದೀರೋ ಕಾಗದದಲ್ಲಿ ಬರೆದಿಡಿ. ಬಾಯ್ಲರ್ ಉರಿಯುತ್ತಿರುವಾಗ ಅದರ ಸುರಕ್ಷತಾ ಟ್ರಿಪ್‌ಗೆ ಸೇರಿದ ಚಾನೆಲ್ ಮುಟ್ಟಲೇಬೇಡಿ. ಅದೇ ಪ್ಯಾನೆಲ್‌ನಲ್ಲಿ 230 ವೋಲ್ಟ್ ಇರುತ್ತದೆ ಅನ್ನುವುದೂ ನೆನಪಿರಲಿ.

ಹಂತ 2: ವೈರ್ ಬಿಚ್ಚುವ ಮೊದಲು ಕಣ್ಣಲ್ಲಿ ನೋಡಿ

ಈ ಹಂತಕ್ಕೆ ಸಮಯ ಕೊಡಿ. ಅರ್ಧ ದೂರು ಇಲ್ಲೇ ಮುಗಿಯುತ್ತದೆ.

ಮೊದಲು ಕಾನ್ಫಿಗರೇಷನ್. ಸೆನ್ಸರ್ ಕೆ ಟೈಪ್, ಸಾಫ್ಟ್‌ವೇರ್‌ನಲ್ಲಿ ಚಾನೆಲ್ ಜೆ ಟೈಪ್ ಎಂದು ಇದ್ದರೆ ಯಾವ ಕ್ಯಾಲಿಬ್ರೇಷನ್ನೂ ಕಾಪಾಡುವುದಿಲ್ಲ. 300 ಡಿಗ್ರಿಗೆ ಕೆ ಟೈಪ್ 12.209 ಮಿಲಿವೋಲ್ಟ್ ಕೊಡುತ್ತದೆ, ಜೆ ಟೈಪ್ 16.327 ಕೊಡುತ್ತದೆ. ಅಷ್ಟು ದೂರ.

ಆಮೇಲೆ ಬಣ್ಣ. ಐಇಸಿ ಅನ್ನುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕೆ ಟೈಪ್‌ನ ಪ್ಲಸ್ ಹಸಿರು, ಮೈನಸ್ ಬಿಳಿ. ಅಮೆರಿಕನ್ ಪದ್ಧತಿಯಲ್ಲಿ ಪ್ಲಸ್ ಹಳದಿ, ಮೈನಸ್ ಕೆಂಪು. ಹೌದು, ಕೆಂಪು ಮೈನಸ್. ಹಳೆಯ ಜರ್ಮನ್ ಮೆಷಿನ್‌ಗಳಲ್ಲಿ ಮತ್ತೆ ಕೆಂಪೇ ಪ್ಲಸ್, ಹಸಿರು ಮೈನಸ್. ಎಲೆಕ್ಟ್ರಿಷಿಯನ್ ಕಣ್ಣಿಗೆ ಕೆಂಪು ಯಾವಾಗಲೂ ಪ್ಲಸ್ಸೇ, ಹಾಗಾಗಿ ತಿರುಗುಮುರುಗಾಗಿ ಹೋಗುತ್ತದೆ. ಅನುಮಾನ ಬಂದರೆ ತಂತಿಯ ತುದಿ ಸ್ವಲ್ಪ ಸುಲಿದು ಅಯಸ್ಕಾಂತ ಹಿಡಿಯಿರಿ. ಕೆ ಟೈಪ್ ಥರ್ಮೋಕಪಲ್‌ನಲ್ಲಿ ಮೈನಸ್ ತಂತಿ, ಅಂದರೆ ಅಲ್ಯುಮೆಲ್, ಅಯಸ್ಕಾಂತಕ್ಕೆ ಅಂಟುತ್ತದೆ. ಪ್ಲಸ್ ಅಂಟುವುದಿಲ್ಲ. ಜೆ ಟೈಪ್‌ನಲ್ಲಿ ಪ್ಲಸ್ ಕಬ್ಬಿಣ, ಅಂಟುವುದು ಅದೇ.

ಸೆನ್ಸರ್ ಹತ್ತಿರವೇ ತಿರುಗುಮುರುಗಾಗಿದ್ದರೆ ಬಿಸಿ ಮಾಡಿದಾಗ ರೀಡಿಂಗ್ ಇಳಿಯುತ್ತದೆ, ತಕ್ಷಣ ಗೊತ್ತಾಗುತ್ತದೆ. ಮೋಸ ಮಾಡುವುದು ಎಕ್ಸ್‌ಟೆನ್ಶನ್ ವೈರ್ ಎರಡೂ ಕಡೆ ತಿರುಗಿದ್ದಾಗ. ಆಗ ರೀಡಿಂಗ್ ಏರುತ್ತದೆ, ಇಳಿಯುತ್ತದೆ, ಎಲ್ಲ ಸರಿ ಕಾಣುತ್ತದೆ. ಆದರೆ ಜಂಕ್ಷನ್ ಬಾಕ್ಸಿಗೂ ಪ್ಯಾನೆಲ್‌ಗೂ ಇರುವ ತಾಪದ ವ್ಯತ್ಯಾಸದ ಸುಮಾರು ಎರಡರಷ್ಟು ತಪ್ಪು ಒಳಗೇ ಕೂತಿರುತ್ತದೆ.

ಇನ್ನೊಂದು ಸಾಮಾನ್ಯ ತಪ್ಪು ನಡುವೆ ತಾಮ್ರದ ವೈರ್ ಹಾಕುವುದು. ಎಕ್ಸ್‌ಟೆನ್ಶನ್ ವೈರ್ ಸಿಗಲಿಲ್ಲ, ಸುಮ್ನೆ ಕಂಟ್ರೋಲ್ ಕೇಬಲ್ ಎಳೆದುಬಿಟ್ಟರು. ಜಂಕ್ಷನ್ ಬಾಕ್ಸ್ ಬಿಸಿಗಾಳಿ ಡಕ್ಟಿನ ಪಕ್ಕ 55 ಡಿಗ್ರಿಯಲ್ಲಿದೆ, ಪ್ಯಾನೆಲ್ 30 ಡಿಗ್ರಿಯಲ್ಲಿದೆ ಅಂದುಕೊಳ್ಳಿ. ರೀಡಿಂಗ್ ಸುಮಾರು 25 ಡಿಗ್ರಿ ಕಡಿಮೆ ಬರುತ್ತದೆ. ಬೆಳಗಿನ ಜಾವ ಎಲ್ಲ ತಣ್ಣಗಿರುವಾಗ ನೋಡಿದರೆ ತಪ್ಪೇ ಕಾಣುವುದಿಲ್ಲ, ಮಧ್ಯಾಹ್ನಕ್ಕೆ ಶುರುವಾಗುತ್ತದೆ. ಹೊತ್ತಿಗೆ ತಕ್ಕಂತೆ ತಪ್ಪು ಬದಲಾಗುತ್ತಿದೆ ಎಂದರೆ ಮೊದಲು ವೈರ್ ಹುಡುಕಿ.

ಇಲಿ ಕಡಿದ ಕೇಬಲ್ ಕೂಡ ಹೀಗೇ. ತಂತಿ ಎರಡೂ ತಾಗಿಕೊಂಡ ಜಾಗವೇ ಹೊಸ ಜೋಡಣೆ ಆಗುತ್ತದೆ. ಡ್ರೈಯರ್ 50 ಡಿಗ್ರಿಯಲ್ಲಿದ್ದರೂ ಪಿಎಲ್‌ಸಿ ಕೇಬಲ್ ಟ್ರೇಯ 31 ಡಿಗ್ರಿಯನ್ನು ತೋರಿಸುತ್ತಾ ಕೂರುತ್ತದೆ. ಫಾಲ್ಟ್ ಎಂದು ಎಲ್ಲೂ ಬರುವುದಿಲ್ಲ.

ಕಿಲುಬು ಹಿಡಿದ ಸ್ಕ್ರೂಗಳನ್ನು ಒರೆಸಿ, ಸಡಿಲ ಇದ್ದರೆ ಬಿಗಿ ಮಾಡಿ. ಆದರೆ ಅದಕ್ಕೂ ಮುಂಚೆ ರೀಡಿಂಗ್ ಎಷ್ಟಿತ್ತು ಎಂದು ಬರೆದುಕೊಳ್ಳಿ.

ಹಂತ 3: ಬಿಸಿಯಾಗಲು ಬಿಡಿ

ಪ್ಯಾನೆಲ್ ಆನ್ ಮಾಡಿ ಕನಿಷ್ಠ ಅರ್ಧ ಗಂಟೆ ಕಾಯಿರಿ. ಮ್ಯಾನ್ಯುಯಲ್ ಜಾಸ್ತಿ ಹೇಳಿದ್ದರೆ ಅಷ್ಟು. ಕ್ಯಾಲಿಬ್ರೇಟರ್ ಕೂಡ ಅದೇ ಕೋಣೆಯಲ್ಲಿ ಆನ್ ಆಗಿರಲಿ. ಚಳಿಯಲ್ಲಿ ಬೈಕಿನ ಬಾಕ್ಸಿನಿಂದ ತೆಗೆದ ಕೂಡಲೇ ಬಳಸಿದರೆ ಅದರದ್ದೇ ಕೋಲ್ಡ್ ಜಂಕ್ಷನ್ ಅಳತೆ ತೂಗಾಡುತ್ತಿರುತ್ತದೆ.

ಪ್ಯಾನೆಲ್ ಬಾಗಿಲನ್ನು ಪೂರ್ತಿ ತೆರೆದು ಎದುರಿಗೆ ಫ್ಯಾನ್ ಹಾಕಿಕೊಂಡು ಕೂರಬೇಡಿ. ಸೆಕೆ ನಿಜ, ಆದರೆ ಗಾಳಿ ಬಡಿದರೆ ಟರ್ಮಿನಲ್ ಒಂದು ತಾಪದಲ್ಲಿ, ಅದನ್ನು ಅಳೆಯುವ ಸೆನ್ಸರ್ ಇನ್ನೊಂದು ತಾಪದಲ್ಲಿ ಇರುತ್ತದೆ. ವೈರ್ ಜೋಡಿಸಿ, ಬಾಗಿಲನ್ನು ಆದಷ್ಟು ಮುಚ್ಚಿ, ವೈರನ್ನು ಸಂದಿನಿಂದ ಹೊರಗೆ ತನ್ನಿ.

ಹಂತ 4: ಕೋಲ್ಡ್ ಜಂಕ್ಷನ್ ಒಂದನ್ನೇ ಪರೀಕ್ಷಿಸಿ

ಇದು ಸಣ್ಣ ಕೆಲಸ, ಯಾರೂ ಮಾಡುವುದಿಲ್ಲ. ಚಾನೆಲ್‌ನ ವೈರ್ ಬಿಚ್ಚಿ, ಪ್ಲಸ್-ಮೈನಸ್ ನಡುವೆ ಒಂದು ಸಣ್ಣ ತಾಮ್ರದ ತುಂಡು ಹಾಕಿ ಬಿಗಿ ಮಾಡಿ. ಈಗ ಹೊರಗಿನಿಂದ ಬರುವ ಮಿಲಿವೋಲ್ಟ್ ಸೊನ್ನೆ. ಮಾಡ್ಯೂಲ್ ತೋರಿಸಬೇಕಾದ್ದು ಟರ್ಮಿನಲ್‌ನ ತಾಪವನ್ನು ಮಾತ್ರ. ನಿಮ್ಮ ಥರ್ಮಾಮೀಟರಿನ ತುದಿಯನ್ನು ಅದೇ ಸ್ಕ್ರೂ ಪಕ್ಕ ತಾಗಿಸಿ ಐದು ನಿಮಿಷ ಬಿಡಿ. ಸ್ಕ್ರೂ ಬಿಗಿ ಮಾಡಿದ ಕೈ ಬಿಸಿ ಇಳಿಯಲೂ ಅಷ್ಟು ಹೊತ್ತು ಬೇಕು.

ಎರಡೂ ಒಂದು ಡಿಗ್ರಿ ಒಳಗೆ ಹೊಂದಿದರೆ ಕೋಲ್ಡ್ ಜಂಕ್ಷನ್ ಸರಿ ಇದೆ. ಎಲ್ಲ ಚಾನೆಲ್‌ಗಳೂ ಒಂದೇ ಅಳತೆಯಲ್ಲಿ ತಪ್ಪಿದರೆ ಆ ಸಣ್ಣ ಸೆನ್ಸರ್ ಸಡಿಲವಾಗಿದೆ, ಕಿತ್ತುಹೋಗಿದೆ ಅಥವಾ ತಪ್ಪು ಜಾಗದಲ್ಲಿ ಸಿಕ್ಕಿಸಿದ್ದಾರೆ. ಸಿಜೆಸಿ ಸೆನ್ಸರ್ ಬಿಡಿಯಾಗಿ ಬರುವ ಮಾಡ್ಯೂಲ್‌ಗಳಲ್ಲಿ ಟರ್ಮಿನಲ್ ಬ್ಲಾಕ್ ಬದಲಾಯಿಸುವಾಗ ಅದು ಹಳೆಯ ಬ್ಲಾಕ್ ಜೊತೆ ಕಸದ ಬುಟ್ಟಿ ಸೇರುವುದುಂಟು. ಪವರ್ ಸಪ್ಲೈ ಪಕ್ಕದ ಚಾನೆಲ್‌ಗಳು ಮಾತ್ರ ತಪ್ಪಿದರೆ ಅದು ಪಕ್ಕದ ಬಿಸಿ. ಮಾಡ್ಯೂಲನ್ನು ಒಂದು ಸ್ಲಾಟ್ ಆಚೆ ಹಾಕುವುದೇ ಮದ್ದು.

ಹಂತ 5: ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಿ

ಯಾವ ಹೊಂದಾಣಿಕೆಯನ್ನೂ ಮಾಡದೆ ಮೊದಲ ರೀಡಿಂಗ್ ತೆಗೆದುಕೊಳ್ಳುವುದಕ್ಕೆ 'ಆಸ್ ಫೌಂಡ್' ಅನ್ನುತ್ತಾರೆ. ಆಡಿಟ್‌ನಲ್ಲಿ ಮೊದಲು ಕೇಳುವುದೇ ಇದನ್ನು. ಇದಕ್ಕೆ ಎರಡು ದಾರಿ ಇದೆ.

ಸುಲಭದ ದಾರಿ: ಕ್ಯಾಲಿಬ್ರೇಟರನ್ನು ಕೆ ಟೈಪ್ ಸಿಮ್ಯುಲೇಷನ್‌ಗೆ ಹಾಕಿ, ಕೆ ಟೈಪ್ ಎಕ್ಸ್‌ಟೆನ್ಶನ್ ವೈರ್‌ನಿಂದಲೇ ಮಾಡ್ಯೂಲ್‌ಗೆ ಜೋಡಿಸಿ. ಕ್ಯಾಲಿಬ್ರೇಟರ್ ತನ್ನ ಕಡೆಯ ಕೋಲ್ಡ್ ಜಂಕ್ಷನ್ ತಾನೇ ನೋಡಿಕೊಳ್ಳುತ್ತದೆ. 100 ಎಂದು ಒತ್ತಿದರೆ ಪಿಎಲ್‌ಸಿಯಲ್ಲಿ 100 ಬರಬೇಕು. ಇಲ್ಲಿ ತಾಮ್ರದ ವೈರ್ ಹಾಕಿದರೆ ಕೆಲಸ ಕೆಟ್ಟಿತು.

ಇನ್ನೊಂದು ದಾರಿ: ತಾಮ್ರದ ವೈರ್‌ನಲ್ಲಿ ನೇರವಾಗಿ ಮಿಲಿವೋಲ್ಟ್ ಕೊಡುವುದು. ಲೆಕ್ಕ ನೀವು ಮಾಡಬೇಕು, ಆದರೆ ತಪ್ಪು ಎಲ್ಲಿದೆ ಎಂದು ಸ್ಪಷ್ಟವಾಗುತ್ತದೆ. ನನಗೆ ಇದೇ ಇಷ್ಟ. ಟರ್ಮಿನಲ್ 28 ಡಿಗ್ರಿಯಲ್ಲಿದೆ ಎನ್ನೋಣ. ಟೇಬಲ್ ಪ್ರಕಾರ 28 ಡಿಗ್ರಿಗೆ 1.122 ಮಿಲಿವೋಲ್ಟ್. 100 ಡಿಗ್ರಿಗೆ 4.096. ಕೊಡಬೇಕಾದ್ದು 4.096ರಲ್ಲಿ 1.122 ಕಳೆದು 2.974. ಹಾಗೇ 300 ಡಿಗ್ರಿಗೆ 11.087, 600 ಡಿಗ್ರಿಗೆ 24.905ರಲ್ಲಿ ಕಳೆದು 23.783.

ಕಳೆಯುವುದು ಮರೆತು ಪೂರ್ತಿ 4.096 ಕೊಟ್ಟರೆ ಪಿಎಲ್‌ಸಿ 127 ಡಿಗ್ರಿ ಆಸುಪಾಸು ತೋರಿಸುತ್ತದೆ. "27 ಡಿಗ್ರಿ ತಪ್ಪು" ಎಂದು ಗಾಬರಿಯಾಗಿ ಮಾಡ್ಯೂಲ್ ಬದಲಾಯಿಸಿದವರಿದ್ದಾರೆ. ಇನ್ನು ಕೆಲವರು ಮಿಲಿವೋಲ್ಟ್ ಬದಲು ಡಿಗ್ರಿಯನ್ನೇ ಕಳೆಯುತ್ತಾರೆ: 100ರಲ್ಲಿ 28 ಹೋದರೆ 72, ಅದಕ್ಕೆ ಟೇಬಲಿನಲ್ಲಿ ಎಷ್ಟು ಎಂದು ನೋಡುತ್ತಾರೆ. ಥರ್ಮೋಕಪಲ್‌ನಲ್ಲಿ ಡಿಗ್ರಿಗೂ ಮಿಲಿವೋಲ್ಟ್‌ಗೂ ಇರುವ ಸಂಬಂಧ ನೇರ ಗೆರೆಯಲ್ಲ, ಆದ್ದರಿಂದ ಈ ಲೆಕ್ಕದಲ್ಲೇ ಒಂದು ಡಿಗ್ರಿ ತಪ್ಪುತ್ತದೆ. ಕಳೆಯುವುದು ಯಾವಾಗಲೂ ಮಿಲಿವೋಲ್ಟನ್ನು.

ಬಿಂದುಗಳು ಐದು ಸಾಕು. ನಿಮ್ಮ ರೇಂಜಿನ ಸೊನ್ನೆ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ಏರುತ್ತಾ ಒಮ್ಮೆ, ಇಳಿಯುತ್ತಾ ಒಮ್ಮೆ. ಜೊತೆಗೆ ನೀವು ದಿನಾ ಓಡಿಸುವ ತಾಪವನ್ನು ಸೇರಿಸಿ. ಡ್ರೈಯರ್ 50 ಡಿಗ್ರಿಯಲ್ಲಿ ಓಡುವುದಾದರೆ 800 ಡಿಗ್ರಿಯಲ್ಲಿ ಎಷ್ಟು ಸರಿ ಇದೆ ಅನ್ನುವುದರಿಂದ ಕಾಫಿಬೀಜಕ್ಕೆ ಏನೂ ಆಗಬೇಕಾಗಿಲ್ಲ.

ರೀಡಿಂಗ್ ಸುಮ್ಮನೆ ಕುಣಿಯುತ್ತಿದ್ದರೆ ಬರ್ನ್‌ಔಟ್ ನೋಡಿ. ತಂತಿ ತುಂಡಾಗಿದೆಯೇ ಎಂದು ತಿಳಿಯಲು ಮಾಡ್ಯೂಲ್ ಆಗಾಗ ಒಂದು ಸಣ್ಣ ಕರೆಂಟ್ ಬಿಡುತ್ತದೆ. ಕೆಲವು ಕ್ಯಾಲಿಬ್ರೇಟರ್‌ಗಳಿಗೆ ಅದು ಹಿಡಿಸುವುದಿಲ್ಲ. ತಾತ್ಕಾಲಿಕವಾಗಿ ಆಫ್ ಮಾಡಬಹುದು, ಆದರೆ ಅದನ್ನೂ ಬೈಪಾಸ್ ಪಟ್ಟಿಗೆ ಸೇರಿಸಿ.

ಹಂತ 6: ಬರೆದದ್ದನ್ನು ಓದಿ

ಎಲ್ಲ ಬಿಂದುಗಳಲ್ಲೂ ಒಂದೇ ಅಳತೆಯ ತಪ್ಪು ಇದ್ದರೆ ಅದು ಆಫ್‌ಸೆಟ್, ಹೆಚ್ಚಾಗಿ ಕೋಲ್ಡ್ ಜಂಕ್ಷನ್ ಕಡೆಯದು. ತಾಪ ಏರಿದ ಹಾಗೆ ತಪ್ಪೂ ಏರುತ್ತಿದ್ದರೆ ಅದು ಗೇನ್, ಅಂದರೆ ಮಾಡ್ಯೂಲ್ ಮಿಲಿವೋಲ್ಟನ್ನು ಅಳೆಯುವ ಪ್ರಮಾಣವೇ ಜಾರಿದೆ. ಕ್ಯಾಲಿಬ್ರೇಷನ್ ನಿಜಕ್ಕೂ ಬೇಕಾಗುವುದು ಇದಕ್ಕೆ. ಕ್ಯಾಲಿಬ್ರೇಟರ್‌ನಲ್ಲಿ ಎಲ್ಲ ಸರಿ, ಸೆನ್ಸರ್ ಜೋಡಿಸಿದ ಕೂಡಲೇ ತಪ್ಪು ಎಂದಾದರೆ ಮಾಡ್ಯೂಲ್ ಬಿಟ್ಟು ಫೀಲ್ಡ್‌ಗೆ ನಡೆಯಿರಿ. ತಪ್ಪು ವೈರ್, ಸೆನ್ಸರ್ ಅಥವಾ ಗ್ರೌಂಡ್ ಲೂಪ್, ಅಂದರೆ ಎರಡು ಕಡೆಯ ಅರ್ತ್ ನಡುವೆ ಹರಿಯುವ ಬೇಡದ ಕರೆಂಟ್. ಕೇಬಲಿನ ಶೀಲ್ಡ್ ಎರಡೂ ಕಡೆ ಅರ್ತ್ ಆಗಿದ್ದರೆ ಪಕ್ಕದ ಮೋಟಾರ್ ಡ್ರೈವ್ ಓಡಿದಾಗೆಲ್ಲ ರೀಡಿಂಗ್ ಹಾರುತ್ತದೆ. ಒಂದೇ ಕಡೆ ಅರ್ತ್ ಮಾಡಿ.

ಅತಿ ನಿಖರತೆಯ ಹುಚ್ಚೂ ಬೇಡ. ಎರಡನೇ ದರ್ಜೆಯ ಕೆ ಟೈಪ್ ಸೆನ್ಸರ್‌ಗೆ 333 ಡಿಗ್ರಿವರೆಗೆ ಎರಡೂವರೆ ಡಿಗ್ರಿ ಆಚೀಚೆ ಸ್ಟ್ಯಾಂಡರ್ಡ್‌ನಲ್ಲೇ ಅನುಮತಿ ಇದೆ. ಮಾಡ್ಯೂಲ್ ತನ್ನ ಮ್ಯಾನ್ಯುಯಲ್ ಹೇಳಿದ ಮಿತಿಯೊಳಗೆ ಇದ್ದರೆ ಮುಟ್ಟಬೇಡಿ. ಏಳನೇ ಹಂತ ಬಿಟ್ಟು ಎಂಟಕ್ಕೆ ಹೋಗಿ.

ಹಂತ 7: ಹೊಂದಾಣಿಕೆ

ಮೊದಲು ಮ್ಯಾನ್ಯುಯಲ್ ತೆರೆಯಿರಿ. ಎಲ್ಲ ಮಾಡ್ಯೂಲ್‌ಗಳೂ ಫೀಲ್ಡಿನಲ್ಲಿ ಹೊಂದಿಸಲು ಬಿಡುವುದಿಲ್ಲ. ಬಿಡದೇ ಇದ್ದರೆ ಅದು ತಪ್ಪಿದ ದಿನ ಬದಲಾಯಿಸುವುದೇ ಸರಿ.

ಬಿಡುವ ಮಾಡ್ಯೂಲ್‌ಗಳಲ್ಲಿ ಸಾಮಾನ್ಯವಾಗಿ ಎರಡು ಬಿಂದು ಕೇಳುತ್ತವೆ: ಕೆಳಗಿನ ರೆಫರೆನ್ಸ್, ಮೇಲಿನ ರೆಫರೆನ್ಸ್. ಉದಾಹರಣೆಗೆ ಇನ್‌ಪುಟ್ ರೇಂಜ್ ಮೈನಸ್ 12ರಿಂದ 78 ಮಿಲಿವೋಲ್ಟ್ ಇದ್ದರೆ ಆ ಎರಡು ತುದಿಗಳನ್ನೇ ಕೇಳಬಹುದು. ನಿಮ್ಮ ಕ್ಯಾಲಿಬ್ರೇಟರ್ ಮೈನಸ್ ಮಿಲಿವೋಲ್ಟ್ ಕೊಡುತ್ತದೆಯೇ ಎಂದು ಶುರು ಮಾಡುವ ಮೊದಲೇ ನೋಡಿಕೊಳ್ಳಿ, ಅರ್ಧದಲ್ಲಿ ಸಿಕ್ಕಿಬೀಳಬೇಡಿ. ಇಲ್ಲಿ ಕೊಡುವುದು ಶುದ್ಧ ಮಿಲಿವೋಲ್ಟ್, ತಾಮ್ರದ ವೈರ್‌ನಲ್ಲಿ. ಕೋಲ್ಡ್ ಜಂಕ್ಷನ್ ಲೆಕ್ಕ ಕಳೆಯಬೇಕಾಗಿಲ್ಲ.

ಪಿಎಲ್‌ಸಿಯನ್ನು ಪ್ರೋಗ್ರಾಂ ಮೋಡ್‌ಗೆ ಹಾಕಬೇಕು ಎಂದು ಮ್ಯಾನ್ಯುಯಲ್ ಹೇಳಿದರೆ ಆ ಪಿಎಲ್‌ಸಿ ನೋಡಿಕೊಳ್ಳುವ ಎಲ್ಲವೂ ನಿಲ್ಲುತ್ತದೆ, ಈ ಒಂದು ಲೂಪ್ ಮಾತ್ರ ಅಲ್ಲ. ಕೆಳಗಿನ ಬಿಂದು ಕೊಟ್ಟು, ಒಂದೆರಡು ನಿಮಿಷ ನಿಲ್ಲಲು ಬಿಟ್ಟು, ಒಪ್ಪಿಗೆ ಕೊಡಿ. ಮೇಲಿನದಕ್ಕೂ ಹಾಗೇ. ಹೊಸ ಅಂಕಿಗಳನ್ನು ಮಾಡ್ಯೂಲಿನ ಮೆಮೊರಿಗೆ ಬರೆಯುವಾಗ ಪವರ್ ಹೋದರೆ ಮಾಡ್ಯೂಲ್ ಫಾಲ್ಟ್‌ಗೆ ಹೋಗಬಹುದು. ಪ್ಯಾನೆಲ್ ಯುಪಿಎಸ್ ಮೇಲಿಲ್ಲದಿದ್ದರೆ, ಕರೆಂಟ್ ನಂಬಬಹುದಾದ ಹೊತ್ತು ನೋಡಿ ಮಾಡಿ.

ಹಳೆಯ ಕಾರ್ಡುಗಳಲ್ಲಿ ಜೀರೋ (ಕೆಳಗಿನ ತುದಿಗೆ), ಸ್ಪ್ಯಾನ್ (ಮೇಲಿನ ತುದಿಗೆ) ಎಂದು ಎರಡು ಪಾಟ್, ಅಂದರೆ ತಿರುಗಿಸಿ ಹೊಂದಿಸುವ ಸಣ್ಣ ಸ್ಕ್ರೂಗಳು ಇರುತ್ತವೆ. ಸ್ಪ್ಯಾನ್ ತಿರುಗಿಸಿದರೆ ಜೀರೋ ಸ್ವಲ್ಪ ಅಲುಗುತ್ತದೆ. ಎರಡೂ ನಿಲ್ಲುವವರೆಗೆ ಒಂದಾದ ಮೇಲೊಂದು ನೋಡುತ್ತಿರಬೇಕು.

ಪಿಎಲ್‌ಸಿ ಪ್ರೋಗ್ರಾಂನಲ್ಲಿ "ಮೈನಸ್ 4" ಎಂದು ಸೇರಿಸಿ ಮುಗಿಸುವ ಅಡ್ಡದಾರಿ ಬೇಡ. ಮುಂದೆ ಯಾರೋ ಸೆನ್ಸರ್ ಬದಲಾಯಿಸಿದಾಗ ಆ ನಾಲ್ಕು ಡಿಗ್ರಿ ಪ್ರೋಗ್ರಾಂ ಒಳಗೇ ಉಳಿದಿರುತ್ತದೆ, ಯಾರಿಗೂ ನೆನಪಿರುವುದಿಲ್ಲ. ಸೀಸನ್ ನಡುವೆ ಬೇರೆ ದಾರಿಯೇ ಇಲ್ಲದೆ ಹಾಕಿದರೆ ಪ್ಯಾನೆಲ್ ಬಾಗಿಲ ಒಳಗೆ ತಾರೀಖು ಸಮೇತ ಬರೆದು ಅಂಟಿಸಿ.

ಹಂತ 8: ಮತ್ತೆ ಅಳೆದು, ಎಲ್ಲ ವಾಪಸ್ ಜೋಡಿಸಿ

ಐದನೇ ಹಂತದ ಅದೇ ಬಿಂದುಗಳನ್ನು ಮತ್ತೆ ತೆಗೆದುಕೊಳ್ಳಿ. ಇದು 'ಆಸ್ ಲೆಫ್ಟ್'. ಏನನ್ನೂ ಹೊಂದಿಸದಿದ್ದರೆ ಮೊದಲಿನ ರೀಡಿಂಗೇ ಸಾಕು. ರಿಪೋರ್ಟಿನಲ್ಲಿ ಚಾನೆಲ್ ಟ್ಯಾಗ್, ಎರಡೂ ರೀಡಿಂಗ್, ಟರ್ಮಿನಲ್ ತಾಪ, ಕ್ಯಾಲಿಬ್ರೇಟರಿನ ಸೀರಿಯಲ್ ನಂಬರ್, ಅದರ ಸರ್ಟಿಫಿಕೇಟ್ ಅವಧಿ, ನಿಮ್ಮ ಸಹಿ ಇರಲಿ.

ಸೆನ್ಸರ್ ವೈರ್ ಜೋಡಿಸಿದ ಮೇಲೆ ಬರ್ನ್‌ಔಟ್ ಪರೀಕ್ಷೆ ಮಾಡಿ. ಒಂದು ತಂತಿ ಬಿಚ್ಚಿ. ಬಿಸಿ ಮಾಡುವ ಲೂಪ್‌ಗಳಲ್ಲಿ ರೀಡಿಂಗ್ ಮೇಲಿನ ತುದಿಗೆ ಹಾರಬೇಕು, ಆಗ ಪಿಎಲ್‌ಸಿ ಅತಿ ಬಿಸಿಯಾಗಿದೆ ಅಂದುಕೊಂಡು ಹೀಟರ್ ಕಡಿತ ಮಾಡುತ್ತದೆ. ಕೆಳಗೆ ಬೀಳುವ ಹಾಗೆ ಸೆಟ್ ಆಗಿದ್ದರೆ ತಂತಿ ತುಂಡಾದ ರಾತ್ರಿ ಕುಲುಮೆ ಪೂರ್ತಿ ಉರಿಯುತ್ತಲೇ ಇರುತ್ತದೆ. ಅಲಾರಂ ಬಂತೇ, ಫೀಡರ್‌ಗೆ ಹೋಗುವ ಔಟ್‌ಪುಟ್ ಬಿಟ್ಟಿತೇ ಎಂದು ಕಣ್ಣಾರೆ ನೋಡಿ.

ಆಮೇಲೆ ಬೈಪಾಸ್ ಪಟ್ಟಿ ಹಿಡಿದು ಒಂದೊಂದಾಗಿ ತೆಗೆಯಿರಿ. ಬರ್ನ್‌ಔಟ್ ಆಫ್ ಮಾಡಿದ್ದರೆ ಆ ಪರೀಕ್ಷೆಗೂ ಮುಂಚೆಯೇ ಆನ್ ಆಗಿರಬೇಕು. ಲೂಪ್ ಆಟೋಗೆ ಹಾಕಿ, ಡೆಸ್ಕಿನ ಮೇಲಿನ ಚೀಟಿ ಕಿತ್ತು, ಆಪರೇಟರ್ ಹತ್ತಿರ ಪರ್ಮಿಟ್‌ಗೆ ಸಹಿ ಹಾಕಿಸಿ.

ಎಷ್ಟು ದಿನಕ್ಕೊಮ್ಮೆ ಮಾಡಬೇಕು ಅಂತಲೂ ಕೇಳುತ್ತಾರೆ. ವರ್ಷವಿಡೀ ಓಡುವ ಫ್ಯಾಕ್ಟರಿಗೆ ವರ್ಷಕ್ಕೊಮ್ಮೆ. ಕ್ಯೂರಿಂಗ್ ವರ್ಕ್ಸ್‌ನಂಥ ಸೀಸನ್ ಕೆಲಸಕ್ಕೆ ಮಳೆ ನಿಂತ ಮೇಲೆ, ಕೊಯ್ಲಿನ ಮೊದಲು. ಮೂರು ವರ್ಷದ ಆಸ್ ಫೌಂಡ್ ರೀಡಿಂಗ್‌ಗಳು ಮಿತಿಯೊಳಗೇ ಇದ್ದರೆ ಅಂತರ ಹೆಚ್ಚಿಸುವ ಬಗ್ಗೆ ಕ್ವಾಲಿಟಿಯವರ ಹತ್ತಿರ ಮಾತಾಡಬಹುದು. ಮಾಡ್ಯೂಲ್ ಅಥವಾ ಟರ್ಮಿನಲ್ ಬ್ಲಾಕ್ ಬದಲಾಯಿಸಿದ ದಿನ, ಪ್ಯಾನೆಲ್‌ಗೆ ಸಿಡಿಲಿನ ಪೆಟ್ಟು ಬಿದ್ದ ದಿನ ಮಾತ್ರ ಕ್ಯಾಲೆಂಡರ್ ನೋಡಬೇಡಿ. ನಾಲ್ಕನೇ ಹಂತದ ತಾಮ್ರದ ತುಂಡಿನ ಪರೀಕ್ಷೆಯಿಂದ ಆವತ್ತೇ ಶುರು ಮಾಡಿ.